ಎ.ಸಿ.ಯ ಗ್ಯಾಸ್, ಬಾಯ್ಲರ್‌ನ ಹೊಗೆ

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದ ಎ.ಸಿ.ಗಳು ಹಳೆಯವು; ಪ್ರತಿ ಬೇಸಿಗೆಯಲ್ಲೂ ಕೆಲವಕ್ಕೆ ಗ್ಯಾಸ್ ತುಂಬಿಸಬೇಕಾಗುತ್ತದೆ. ಚಳಿಗಾಲಕ್ಕೆ ನೈಸರ್ಗಿಕ ಅನಿಲದ ಬಾಯ್ಲರ್ ಇದೆ. ಎರಡನ್ನೂ ತೆಗೆದು ಹೀಟ್ ಪಂಪ್ (ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಎರಡನ್ನೂ ಕೊಡುವ ವಿದ್ಯುತ್ ಯಂತ್ರ) ಅಳವಡಿಸಿದರೆ ಇಂಗಾಲದ ಹೊರಸೂಸುವಿಕೆ ಕಡಿಮೆಯಾಗುತ್ತದೆ ಎಂದು ಸಂಘದ ಸಭೆಯಲ್ಲಿ ಕೆಲವರು ಹೇಳಿದರು. ವಿದ್ಯುತ್ತೇ ಕಲ್ಲಿದ್ದಲಿನಿಂದ ಬರುವಾಗ ಅದರಿಂದೇನು ಪ್ರಯೋಜನ ಎಂದು ಉಳಿದವರು ಕೇಳಿದರು. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಭೆಯಲ್ಲಿ ಯಾರೂ ಚರ್ಚಿಸದ ಸಂಗತಿ, ಅಂದರೆ ಪ್ರತಿವರ್ಷ ಗ್ಯಾಸ್ ತುಂಬಿಸುವುದು. ಎ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಅದು ಒಮ್ಮೆ ದ್ರವವಾಗಿ, ಒಮ್ಮೆ ಅನಿಲವಾಗಿ ಸುತ್ತುತ್ತ, ಕೋಣೆಯ ಶಾಖವನ್ನು ಹೊರಗೆ ಸಾಗಿಸುತ್ತಿರುತ್ತದೆ. ಯಂತ್ರದ ಆಯುಷ್ಯ ಮುಗಿಯುವವರೆಗೂ ಅಷ್ಟೇ ಗ್ಯಾಸ್ ಸಾಕಾಗಬೇಕು. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕಿ ಬೆಸುಗೆ ಹಾಕದೆ ಮತ್ತೆ ತುಂಬಿಸಿದರೆ ಅದೂ ವಾತಾವರಣಕ್ಕೇ ಹೋಗುತ್ತದೆ. ಹಲವು ವರ್ಷ ಎ.ಸಿ.ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಆರ್-410ಎ ಅನಿಲದ ಒಂದು ಕಿಲೋ, ನೂರು ವರ್ಷಗಳ ಲೆಕ್ಕದಲ್ಲಿ, ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಕಲ್ಲಿದ್ದಲಿನಿಂದ ಸುಮಾರು ಎರಡು ಸಾವಿರ ಯೂನಿಟ್ ವಿದ್ಯುತ್ ತಯಾರಿಸಿದಾಗ ಹೊರಬರುವ ಇಂಗಾಲದ ಡೈಆಕ್ಸೈಡೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಹೊಸ ಯಂತ್ರದ ಮಾತು ಆಮೇಲಿರಲಿ, ಸೋರಿಕೆಯನ್ನು ಈ ವಾರವೇ ನಿಲ್ಲಿಸಿ.

ಇನ್ನು ಬಾಯ್ಲರ್ ವಿಷಯ. ಅದು ಇಂಧನವನ್ನು ಸುಟ್ಟು ಶಾಖವನ್ನು ಹುಟ್ಟಿಸುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯಲ್ಲೋ ನೆಲದಲ್ಲೋ ಇರುವ ಶಾಖವನ್ನು ಎತ್ತಿ ಒಳಗೆ ತರುತ್ತದೆ. ಹುಟ್ಟಿಸುವುದಕ್ಕಿಂತ ಸಾಗಿಸುವುದು ಅಗ್ಗವಾದ್ದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ಸಾಮಾನ್ಯವಾಗಿ ಮೂರು ಯೂನಿಟ್ ಶಾಖ ದೊರೆಯುತ್ತದೆ. ಅನಿಲದ ಬಾಯ್ಲರ್ ಒಂದು ಯೂನಿಟ್ ಶಾಖಕ್ಕೆ ಸುಮಾರು 220 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಪೂರ್ತಿ ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್‌ಗೆ ಒಂದು ಕಿಲೋದ ಆಸುಪಾಸು. ಅದನ್ನು ಮೂರರಿಂದ ಭಾಗಿಸಿದರೂ 330 ಗ್ರಾಂ ಆಗುತ್ತದೆ. ಅಂಥ ಕಡೆ ನಿಮ್ಮ ಆಕ್ಷೇಪಕರ ಮಾತೇ ಸರಿ. ಆದರೆ ಜಲ, ಗಾಳಿ, ಸೌರ, ಪರಮಾಣು ಮೂಲಗಳು ಬೆರೆತು ವಿದ್ಯುತ್ ಜಾಲದ ಸರಾಸರಿ ಯೂನಿಟ್‌ಗೆ ಸುಮಾರು 650 ಗ್ರಾಂಗಿಂತ ಕೆಳಗಿಳಿದರೆ ಹೀಟ್ ಪಂಪ್ ಗೆಲ್ಲುತ್ತದೆ. ಮುಂದಿನ ಹದಿನೈದು ವರ್ಷಗಳಲ್ಲಿ ಜಾಲ ಶುದ್ಧವಾದಷ್ಟೂ ನಿಮ್ಮ ಹೀಟ್ ಪಂಪ್ ತಾನಾಗಿ ಶುದ್ಧವಾಗುತ್ತದೆ. ಇಂದು ಕೊಂಡ ಬಾಯ್ಲರ್ ಅಷ್ಟೂ ವರ್ಷ ಅದೇ ಅನಿಲವನ್ನು ಅಷ್ಟೇ ಸುಡುತ್ತಿರುತ್ತದೆ. ಈ ಕಾರಣಕ್ಕೆ ನನ್ನ ಒಲವು ಹೀಟ್ ಪಂಪಿನ ಕಡೆಗೇ ಇದೆ.

ಒಂದು ಎಚ್ಚರಿಕೆ ಅಗತ್ಯ. ಹೀಟ್ ಪಂಪ್ ಎತ್ತಬೇಕಾದ ಉಷ್ಣತೆಯ ಅಂತರ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಬೇಕಾಗುತ್ತದೆ. ಬಾಯ್ಲರ್‌ನಂತೆ ಅದರಿಂದಲೂ 70 ಡಿಗ್ರಿ ನೀರನ್ನು ಬಯಸಿದರೆ ಮೇಲೆ ಹೇಳಿದ ಲೆಕ್ಕ ಕೆಡುತ್ತದೆ. ಕೋಣೆಗೆ ಶಾಖ ಹರಡುವ ದೊಡ್ಡ ರೇಡಿಯೇಟರ್ ಅಥವಾ ನೆಲದಡಿಯ ಕೊಳವೆಗಳಿದ್ದರೆ 35ರಿಂದ 45 ಡಿಗ್ರಿ ನೀರೇ ಸಾಕು. ಯಂತ್ರದ ಗಾತ್ರ ನಿರ್ಧರಿಸುವ ಮೊದಲು ಕಿಟಕಿ ಬಾಗಿಲುಗಳ ಸಂದುಗಳನ್ನು ಮುಚ್ಚಿಸಿ, ತಾರಸಿಗೆ ಶಾಖನಿರೋಧಕ ಪದರ ಹಾಕಿಸಿ. ಬಿಸಿಲು ಬೀಳುವ ಕಿಟಕಿಗಳಿಗೆ ಹೊರಗಡೆಯಿಂದಲೇ ನೆರಳು ಬೇಕು, ಏಕೆಂದರೆ ಗಾಜನ್ನು ದಾಟಿ ಬಂದ ಬಿಸಿಲಿಗೆ ಒಳಗಿನ ಪರದೆ ಅಡ್ಡವಾದರೂ ಶಾಖದ ಬಹುಭಾಗ ಕೋಣೆಯಲ್ಲೇ ಉಳಿದಿರುತ್ತದೆ. ಇಷ್ಟಾದ ಮೇಲೆ ಚಿಕ್ಕ ಯಂತ್ರವೇ ಸಾಕಾಗಬಹುದು.

ಪ್ರಶ್ನೆ: ಹೊಸ ಎ.ಸಿ. ಕೊಳ್ಳುವಾಗ ಯಾವ ಗ್ಯಾಸ್ ನೋಡಬೇಕು? ಹಳೆಯದನ್ನು ಗುಜರಿಗೆ ಕೊಡಬಹುದೇ?

ಉತ್ತರ: ಯಂತ್ರದ ಮೇಲಿನ ಫಲಕದಲ್ಲಿ ಗ್ಯಾಸಿನ ಹೆಸರಿರುತ್ತದೆ. ಆರ್-32ರ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಆರ್-410ಎಯ ಮೂರನೇ ಒಂದರಷ್ಟು ಮಾತ್ರ. ಆರ್-290, ಅಂದರೆ ಪ್ರೋಪೇನ್‌ನದು, ತೀರ ನಗಣ್ಯ. ಆದರೆ ಪ್ರೋಪೇನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ ತರಬೇತಿ ಪಡೆದವರಿಂದಲೇ ಅಳವಡಿಸಿಕೊಳ್ಳಬೇಕು. ಓಝೋನ್ ಪದರದ ರಕ್ಷಣೆಗಾಗಿ ಆದ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಕಿಗಾಲಿಯಲ್ಲಿ ಮಾಡಿದ ತಿದ್ದುಪಡಿ, ಆರ್-410ಎಯಂಥ ಹೈಡ್ರೋಫ್ಲೋರೋಕಾರ್ಬನ್‌ಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸಲೆಂದೇ ಬಂದದ್ದು.

ಹಳೆಯ ಎ.ಸಿ.ಯನ್ನು ಹಾಗೆಯೇ ಗುಜರಿಗೆ ಕೊಡಬೇಡಿ. ತಾಮ್ರದ ಆಸೆಗೆ ಅಲ್ಲಿ ಕೊಳವೆಯನ್ನು ಕತ್ತರಿಸಿದ ಕ್ಷಣದಲ್ಲೇ ಒಳಗಿದ್ದ ಗ್ಯಾಸ್ ಪೂರ್ತಿ ಹಾರಿಹೋಗುತ್ತದೆ. ಬಿಚ್ಚಲು ಬರುವ ಮೆಕ್ಯಾನಿಕ್ ಬಳಿ ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬಿಸುವ ಯಂತ್ರ ಇದೆಯೇ ಎಂದು ಮೊದಲೇ ಕೇಳಿ, ಇಲ್ಲವಾದರೆ ಇರುವವರನ್ನೇ ಕರೆಸಿ.