ದಾಖಲೆಗಳನ್ನು ಜೋಡಿಸಿ, ಬೆರೆಸಬೇಡಿ

ಪ್ರಶ್ನೆ: ನಮ್ಮ ಆಸ್ಪತ್ರೆ ಇನ್ನೂ ಐದು ಆಸ್ಪತ್ರೆ, ಎರಡು ಲ್ಯಾಬ್‌ಗಳಿರುವ ಪ್ರಾದೇಶಿಕ ಮಾಹಿತಿ ಜಾಲಕ್ಕೆ ಸೇರುತ್ತಿದೆ. ಒಬ್ಬರೇ ರೋಗಿಗೆ ಒಂದೊಂದು ಕಡೆ ಒಂದೊಂದು ನಂಬರ್. ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ಮೂರೂ ಹೊಂದಿದರೆ ದಾಖಲೆಗಳನ್ನು ಒಂದು ಮಾಡಿಬಿಡಬಹುದೇ?

ಉತ್ತರ: ಖಂಡಿತ ಬೇಡ. ಆ ಮೂರೂ ಹೊಂದುವ ಬೇರೆ ಬೇರೆ ರೋಗಿಗಳಿರುತ್ತಾರೆ. ನವಜಾತ ಅವಳಿಗಳನ್ನೇ ನೋಡಿ. ಹುಟ್ಟಿದ ದಿನ ಒಂದೇ, ಮೊಬೈಲ್ ತಾಯಿಯದು, ಹೆಸರಿನ ಜಾಗದಲ್ಲಿ ಇಬ್ಬರಿಗೂ 'ಇಂಥವರ ಮಗು'. ನಿಮ್ಮ ನಿಯಮದ ಪ್ರಕಾರ ಇಬ್ಬರೂ ಒಂದೇ ಮಗು! ಒಬ್ಬರ ರಕ್ತದ ಗುಂಪು, ಅಲರ್ಜಿ ಇನ್ನೊಬ್ಬರ ಕಡತ ಸೇರುತ್ತದೆ. ಒಬ್ಬರಿಗೆ ಎರಡು ದಾಖಲೆ ಉಳಿಯುವುದೂ ತೊಂದರೆಯೇ, ಹಳೆಯ ರಿಪೋರ್ಟ್ ಕೈಗೆ ಸಿಗುವುದಿಲ್ಲ. ಆದರೆ ಮಾಹಿತಿ ಸಿಕ್ಕಿಲ್ಲ ಎಂಬುದಾದರೂ ವೈದ್ಯರಿಗೆ ಕಾಣುತ್ತದೆ, ರೋಗಿಯನ್ನೇ ಕೇಳುತ್ತಾರೆ. ಇಬ್ಬರದ್ದು ಬೆರೆತಾಗ ಅನುಮಾನ ಬರಲು ಕಾರಣವೇ ಇರುವುದಿಲ್ಲ.

ಆದ್ದರಿಂದ ಪ್ರತಿ ಆಸ್ಪತ್ರೆಯ ದಾಖಲೆ ಇದ್ದಂತೆಯೇ ಇರಲಿ. ಮಧ್ಯದಲ್ಲಿರುವ ಮಾಸ್ಟರ್ ಪೇಷಂಟ್ ಇಂಡೆಕ್ಸ್‌ನಲ್ಲಿ (ಎಲ್ಲ ಸಂಸ್ಥೆಗಳ ರೋಗಿಗಳ ಒಟ್ಟು ಸೂಚಿ) 'ಈ ನಂಬರ್, ಆ ನಂಬರ್ ಒಬ್ಬರದೇ' ಎಂಬ ಕೊಂಡಿ ಮಾತ್ರ ಇಡಿ. ನಂಬರಿನ ಜೊತೆ ಅದನ್ನು ಕೊಟ್ಟ ಸಂಸ್ಥೆಯ ಗುರುತು ಕಡ್ಡಾಯ. 4711 ನಿಮ್ಮಲ್ಲಿ ಒಬ್ಬರು, ಪಕ್ಕದ ಆಸ್ಪತ್ರೆಯಲ್ಲಿ ಬೇರೊಬ್ಬರು.

ಯಾರು ಒಬ್ಬರೇ ಎಂದು ತೀರ್ಮಾನಿಸಲು ಹೌದು-ಅಲ್ಲ ನಿಯಮಕ್ಕಿಂತ ಅಂಕ ಕೊಡುವ ವಿಧಾನ ಮೇಲು. ಸಂಖ್ಯಾಶಾಸ್ತ್ರಜ್ಞರಾದ ಫೆಲ್ಲೆಗಿ ಮತ್ತು ಸಂಟರ್ 1969ರಲ್ಲಿ ಇದಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಪ್ರತಿ ವಿವರಕ್ಕೂ ಎರಡು ಸಂಖ್ಯೆ ಬೇಕು: ನಿಜವಾಗಿ ಒಬ್ಬರೇ ಆಗಿದ್ದರೆ ಅದು ಹೊಂದುವ ಸಂಭವ ಎಷ್ಟು, ಬೇರೆಯವರಾಗಿದ್ದೂ ಹೊಂದುವ ಸಂಭವ ಎಷ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಆಧಾರ 2ರ ಲಾಗ್ ತೆಗೆದರೆ ಅಂಕ ಸಿಗುತ್ತದೆ. ಲಿಂಗಕ್ಕೆ 0.98 ಮತ್ತು 0.5 ಎಂದಿಟ್ಟುಕೊಳ್ಳಿ. ಹೊಂದಿದರೆ ಬರುವುದು 1ಕ್ಕಿಂತ ಕಡಿಮೆ. ಹೊಂದದಿದ್ದರೆ ಎರಡನ್ನೂ 1ರಿಂದ ಕಳೆದು 0.02 ಭಾಗ 0.5ರ ಲಾಗ್, ಅಂದರೆ ಸುಮಾರು ಮೈನಸ್ 4.6. ಹೊಂದಿದಾಗ ಹೆಚ್ಚೇನೂ ಹೇಳದ ವಿವರ, ಹೊಂದದಿದ್ದಾಗ ಬಹಳ ಹೇಳುತ್ತದೆ.

ಲೆಕ್ಕ ಹಳಿ ತಪ್ಪುವುದು ಹೆಚ್ಚಾಗಿ ಹುಟ್ಟಿದ ದಿನಾಂಕದಲ್ಲಿ. ದಿನ ಮತ್ತು ತಿಂಗಳು ಹೊಂದಿದರೆ 0.95 ಭಾಗ 1/365, ಅಂಕ ಸುಮಾರು 8.4. ಆದರೆ ಸರಿಯಾದ ದಿನಾಂಕ ಗೊತ್ತಿಲ್ಲದವರಿಗೆಲ್ಲ ನೋಂದಣಿ ಕೌಂಟರಿನಲ್ಲಿ ಜನವರಿ 1 ಎಂದು ಬರೆಯುವ ರೂಢಿ ಇದ್ದು, ಐವರಲ್ಲಿ ಒಬ್ಬರದು ಹಾಗಿದ್ದರೆ? ಆ ದಿನಾಂಕ ಹೊಂದಿದ್ದಕ್ಕೆ ಸಲ್ಲುವುದು 2.2ರ ಆಸುಪಾಸು ಅಷ್ಟೇ. ಸಾಫ್ಟ್‌ವೇರ್ 8.4 ಕೊಟ್ಟರೆ ಅಪರಿಚಿತರು ಸಂಬಂಧಿಕರಂತೆ ಅಂಟಿಕೊಳ್ಳುತ್ತಾರೆ. ಮೊದಲು ನಿಮ್ಮ ಕಡತದಲ್ಲಿ ಅತಿ ಹೆಚ್ಚು ಬಾರಿ ಬಂದಿರುವ 50 ದಿನಾಂಕ, 50 ಮೊಬೈಲ್ ನಂಬರ್ ತೆಗೆದು ಕಣ್ಣಾರೆ ನೋಡಿ. 9999999999 ತರಹದವನ್ನು ಖಾಲಿ ಮಾಡಿ. ಖಾಲಿಗೆ ಖಾಲಿ ಹೊಂದಿತು ಎಂದು ಅಂಕ ಕೊಡಬೇಡಿ, ಅದಕ್ಕೆ ಸೊನ್ನೆ.

ಹತ್ತು ಲಕ್ಷ ದಾಖಲೆಗಳನ್ನು ಒಂದಕ್ಕೊಂದು ಹೋಲಿಸಿದರೆ ಸುಮಾರು 50 ಸಾವಿರ ಕೋಟಿ ಜೋಡಿಗಳಾಗುತ್ತವೆ. ಹಾಗಾಗಿ ಒಂದು ಸುತ್ತು ಹುಟ್ಟಿದ ವರ್ಷ ಮತ್ತು ಹೆಸರಿನ ಉಚ್ಚಾರ ಒಂದೇ ಇರುವವರ ನಡುವೆ, ಇನ್ನೊಂದು ಮೊಬೈಲ್ ಒಂದೇ ಇರುವವರ ನಡುವೆ ಓಡಿಸಿ. ಒಂದೇ ಸುತ್ತಿಗೆ ನಿಲ್ಲಿಸಿದರೆ ವರ್ಷ ತಪ್ಪಾಗಿ ಬರೆಸಿದವರು ಎಂದೂ ಸಿಗುವುದಿಲ್ಲ.

ಎಲ್ಲ ವಿವರಗಳ ಅಂಕ ಕೂಡಿಸಿ, ಆ ಮೊತ್ತಕ್ಕೆ ಎರಡು ಗಡಿ ಇಡಿ. ಮೇಲಿನ ಗಡಿ ದಾಟಿದ ಜೋಡಿ ತಾನೇ ಕೊಂಡಿಯಾಗಲಿ, ಕೆಳಗಿನ ಗಡಿಗಿಂತ ಕಡಿಮೆ ಬಂದದ್ದನ್ನು ಬಿಡಿ, ನಡುವಿನದು ಮನುಷ್ಯರ ಕೈಗೆ ಬರಲಿ. ಈ ಗಡಿಗಳನ್ನು ಮಾರಾಟಗಾರರು ಕೊಟ್ಟಂತೆ ಒಪ್ಪಿಕೊಳ್ಳಬೇಡಿ. ನಿಮ್ಮದೇ 500 ಜೋಡಿಗಳನ್ನು ಇಬ್ಬರು ಸಿಬ್ಬಂದಿ ಪರಸ್ಪರ ಕೇಳದೆ ಪರಿಶೀಲಿಸಿ, ಅದರ ಮೇಲೆ ಗಡಿ ಇಡಿ. ನಡುವಿನ ಸಾಲು ನೋಡಲು ಆಳೇ ಇಲ್ಲದಿದ್ದರೆ, ಬೇಗ ಮುಗಿಸಲೆಂದು ಮೇಲಿನ ಗಡಿಯನ್ನು ಇಳಿಸುವ ತಪ್ಪು ಮಾತ್ರ ಮಾಡಬೇಡಿ.

ಕೊಂಡಿ ಬಿಚ್ಚುವ ದಾರಿಯನ್ನು ಮೊದಲ ದಿನವೇ ಪರೀಕ್ಷಿಸಿ. ಆಸ್ಪತ್ರೆಗಳ ಸಾಫ್ಟ್‌ವೇರ್‌ಗಳು ಪರಸ್ಪರ ಸಂದೇಶ ಕಳಿಸುವ ಮಾನದಂಡವಾದ ಎಚ್‌ಎಲ್‌7 ಆವೃತ್ತಿ 2ರಲ್ಲಿ ಎ24 ಜೋಡಿಸುವ ಸಂದೇಶ, ಎ37 ಬಿಡಿಸುವುದು, ಎ40 ವಿಲೀನ. ಎಷ್ಟೋ ಕಡೆ ಎ40 ಮಾತ್ರ ಅಳವಡಿಸಿ, ಎ37 ಬಂದಾಗ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಸುಳ್ಳು ಜೋಡಿಯೊಂದನ್ನು ಕಟ್ಟಿ, ಬಿಚ್ಚಿ, ಎಂಟೂ ಸಂಸ್ಥೆಗಳ ತೆರೆಯ ಮೇಲೆ ಅದು ಹೋಗಿದೆಯೇ ನೋಡಿ. ತಪ್ಪು ಕೊಂಡಿ ಇದ್ದಷ್ಟು ಹೊತ್ತು ಆ ದಾಖಲೆಯನ್ನು ಯಾರು ತೆರೆದರು ಎಂಬ ಲಾಗ್ ಕೂಡ ಬೇಕು, ಆ ವೈದ್ಯರಿಗೆಲ್ಲ ತಿಳಿಸಲೇಬೇಕಾಗುತ್ತದೆ.

ಪ್ರಶ್ನೆ: ಎಲ್ಲರಿಗೂ ಒಂದೇ ಆರೋಗ್ಯ ಗುರುತಿನ ನಂಬರ್ ಬಂದರೆ ಈ ತಾಪತ್ರಯ ತಪ್ಪುತ್ತದೆಯೇ?

ಉತ್ತರ: ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಪ್ರಜ್ಞೆಯಿಲ್ಲದೆ ಬಂದವರ ನಂಬರ್ ಸಿಗುವುದಿಲ್ಲ, ಮಗುವಿಗೆ ತಾಯಿಯ ಕಾರ್ಡ್ ತೋರಿಸುತ್ತಾರೆ. ನಂಬರ್ ಹೊಂದಿ ಹುಟ್ಟಿದ ವರ್ಷ 25ರಷ್ಟು ಹಿಂದೆಮುಂದೆ ಇದ್ದರೆ ಆ ಜೋಡಿ ತಾನೇ ಕೊಂಡಿಯಾಗದೆ ಪರಿಶೀಲನೆಯ ಸಾಲಿಗೆ ಹೋಗಬೇಕು.