ಅರ್ಧಕ್ಕೆ ನಿಂತ ರೇಡಿಯೇಷನ್‌ಗೆ ಯಾರು ಹೊಣೆ?

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ತಮ್ಮ ತಂಗಿಯ ವಿಷಯ ಬರೆದಿದ್ದಾರೆ. 2 ವರ್ಷದ ಹಿಂದೆ ಬೆಂಗಳೂರಿನಲ್ಲಿ ಆಕೆಯ ಒಂದು ಸ್ತನವನ್ನು ಪೂರ್ತಿ ತೆಗೆದರು. ಕ್ಯಾನ್ಸರ್ ಕಂಕುಳಿನ ಗ್ರಂಥಿಗಳಿಗೂ ಹರಡಿದ್ದರಿಂದ 25 ಸಲ ರೇಡಿಯೇಷನ್ ಹೇಳಿದ್ದರು. ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿದ್ದಾಗ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಸೊಪ್ಪಿಗೆ ಬಾಯಿ ಹಾಕಿದ್ದಾಗ, ಆಕೆ ಅರ್ಧಕ್ಕೇ ನಿಲ್ಲಿಸಿದರು. ಈಗ ಹೊಲಿಗೆಯ ಗೆರೆಯ ಪಕ್ಕ ಗಂಟುಗಳೆದ್ದು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ‘ಸ್ತನವನ್ನೇ ತೆಗೆದ ಮೇಲೆ ಇದು ಬಂದದ್ದೆಲ್ಲಿಂದ? ವೈದ್ಯರು ಸರಿಯಾಗಿ ಹೇಳಲಿಲ್ಲ, ತಂಗಿ ಅಸಡ್ಡೆ ಮಾಡಿದಳು’ ಎಂಬುದು ಅವರ ದೂರು.

ವೈದ್ಯರು ಇನ್ನಷ್ಟು ಬಿಡಿಸಿ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ‘ಅಸಡ್ಡೆ’ ಎಂಬ ಮಾತನ್ನು ತಂಗಿಯ ಎದುರು ದಯವಿಟ್ಟು ಆಡಬೇಡಿ. ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಇಡೀ ಬೆಳೆಯೇ ಕೈಬಿಡುವ ಆ ವಾರದಲ್ಲಿ, ಮೊದಲ ಬಸ್ಸಿಗೆ ಹೊರಟು, ಕೆಲವೇ ನಿಮಿಷದ ಚಿಕಿತ್ಸೆಗೆ ಅರ್ಧ ದಿನ ಸರದಿಯಲ್ಲಿ ಕುಳಿತು, ಕತ್ತಲಾದ ಮೇಲೆ ಊರು ಸೇರುತ್ತಿದ್ದ ಹೆಂಗಸಿನ ಬದಲಿಗೆ ಹುಳುಮನೆ ನೋಡಿಕೊಂಡವರು ಯಾರು? ನಿಮ್ಮ ಪತ್ರ ಅದನ್ನು ಹೇಳುವುದಿಲ್ಲ.

ಶಸ್ತ್ರಚಿಕಿತ್ಸೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಎದೆಯ ಚರ್ಮದಲ್ಲಿ, ಅದರಡಿಯ ಸ್ನಾಯುವಿನಲ್ಲಿ ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಉಳಿಯಬಹುದು. ಅವೇ ಮುಂದೆ, ಹೆಚ್ಚಾಗಿ ಮೊದಲ 5 ವರ್ಷಗಳಲ್ಲಿ, ನೋವಿಲ್ಲದ ಗಂಟಾಗಿ ಅಥವಾ ಕೆಂಪು ಗುಳ್ಳೆಗಳಾಗಿ ಏಳುತ್ತವೆ. ಡೆನ್ಮಾರ್ಕಿನಲ್ಲಿ, ಅಪಾಯ ಹೆಚ್ಚಿದ್ದ, ಮುಟ್ಟು ನಿಲ್ಲದ ಮಹಿಳೆಯರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೇಡಿಯೇಷನ್ ಪಡೆಯದವರ ಪೈಕಿ ಶೇ. 32 ಮಂದಿಗೆ ಎದೆಯಲ್ಲೋ ಸುತ್ತಲಿನ ಗ್ರಂಥಿಗಳಲ್ಲೋ ಕಾಯಿಲೆ ಮರಳಿತ್ತು, ಪಡೆದವರಲ್ಲಿ ಶೇ. 9 ಮಂದಿಗೆ. ರೇಡಿಯೇಷನ್ ಎಷ್ಟು ಮುಖ್ಯವೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಒಂಬತ್ತು ಮಂದಿ ಏನು ತಪ್ಪು ಮಾಡಿದ್ದರು, ಹೇಳಿ?

ಎದೆಗೋಡೆಗಷ್ಟೇ ಮರಳಿದ ಕ್ಯಾನ್ಸರಿಗೆ ಗುಣಪಡಿಸುವ ಗುರಿಯಿಂದಲೇ ಚಿಕಿತ್ಸೆ ಕೊಡುತ್ತಾರೆ, ಧೈರ್ಯಗೆಡಬೇಡಿ. ಬೇರೆಡೆ ಹರಡಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು. ಹಾರ್ಮೋನ್ ಮತ್ತು ಹರ್-2 (ಕ್ಯಾನ್ಸರ್ ಕೋಶಗಳನ್ನು ಬೆಳೆಸುವ ಒಂದು ಪ್ರೋಟೀನ್) ಪರೀಕ್ಷೆಗಳನ್ನು ಹೊಸ ಗಂಟಿನ ಮೇಲೆ ಮತ್ತೆ ಮಾಡಿಸಬೇಕು, ಏಕೆಂದರೆ ಮೊದಲಿನ ಗೆಡ್ಡೆಯ ಗುಣವೇ ಇದಕ್ಕೂ ಇರಬೇಕೆಂದಿಲ್ಲ. ಹಳೆಯ ರೇಡಿಯೇಷನ್ ದಾಖಲೆಯನ್ನು ತಪ್ಪದೆ ಒಯ್ಯಿರಿ. ಆಗ ಎಷ್ಟು ಪ್ರಮಾಣ ಕೊಟ್ಟಿದ್ದರು ಎಂಬುದನ್ನು ನೋಡಿಯೇ ಮುಂದಿನದನ್ನು ನಿರ್ಧರಿಸುತ್ತಾರೆ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಸ್ತನ ತೆಗೆಸಿಕೊಂಡವರಿಗೆ 5 ವಾರಗಳ 25 ಸಲದ ಕ್ರಮದ ಬದಲು 3 ವಾರಗಳಲ್ಲಿ 15 ಸಲ ಕೊಟ್ಟರೂ ಕಾಯಿಲೆ ಮರಳುವುದು ಹೆಚ್ಚಾಗಲಿಲ್ಲವೆಂದು ಚೀನಾದ ಅಧ್ಯಯನವೊಂದು 2019ರಲ್ಲೇ ತೋರಿಸಿದೆ. ಈ ಕ್ರಮ ಯಾರಿಗೆ ಹೊಂದುತ್ತದೆಂಬುದನ್ನು ವೈದ್ಯರೇ ಹೇಳಬೇಕು, ಆದರೆ ದೂರದಿಂದ ಬರುವ ಪ್ರತಿಯೊಬ್ಬ ಹೆಂಗಸಿನೊಡನೆ ಆ ಮಾತು ನಡೆಯಲೇಬೇಕು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟ್ಟಿನ ಖರ್ಚಿಲ್ಲ, ಸಂತೋಷ. ಕಳೆದುಹೋದ ದಿನಗೂಲಿಯನ್ನು ಯಾರೂ ತುಂಬಿಕೊಡುತ್ತಿಲ್ಲ. ಚಿಕ್ಕಬಳ್ಳಾಪುರವಾಗಲಿ ಕೋಲಾರವಾಗಲಿ, ನಮ್ಮ ಹೆಂಗಸರಿಗೆ ಬೇಕಾಗಿರುವುದು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರುವಷ್ಟು ಹತ್ತಿರದಲ್ಲಿ, ಬಡವರ ಕೈಗೆಟಕುವ ರೇಡಿಯೇಷನ್.