ಎರಡು ಕನ್ನಡಕದ ಚೀಟಿ, ಬೇರೆ ಬೇರೆ ನಂಬರ್: ಯಾವುದು ಸರಿ?

ಎರಡು ಚೀಟಿಯಲ್ಲಿ ಬಲಗಣ್ಣಿನ ನಂಬರ್ ಬೇರೆ ಬೇರೆ ಇದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿ. ಬಲಗಣ್ಣಿಗೆ ನೀವು ಹಾಕಿರುವ -2.00 / -1.00 × 180 ಮತ್ತು -3.00 / +1.00 × 90 ಒಂದೇ ಪವರ್. ಸಿಲಿಂಡರನ್ನು (ಎರಡನೇ ಅಂಕಿ, ಒಂದು ದಿಕ್ಕಿನಲ್ಲಿ ಮಾತ್ರ ಬೇಕಾಗುವ ಹೆಚ್ಚುವರಿ ಪವರ್) ಕೆಲವರು ಮೈನಸ್‌ನಲ್ಲಿ ಬರೆಯುತ್ತಾರೆ, ಕೆಲವರು ಪ್ಲಸ್‌ನಲ್ಲಿ, ಅಷ್ಟೇ.

ನೀವೇ ತಾಳೆ ನೋಡಿ. ಮೊದಲು ಚೀಟಿಯ ಮೊದಲ ಅಂಕಿಗೆ, ಅಂದರೆ ಮೂಲ ಪವರ್ ಆದ ಸ್ಫಿಯರ್‌ಗೆ ಸಿಲಿಂಡರ್ ಕೂಡಿಸಿ: -2.00, -1.00 ಸೇರಿ -3.00. ಆಮೇಲೆ ಸಿಲಿಂಡರಿನ ಚಿಹ್ನೆ ಬದಲಿಸಿ: +1.00. ಕೊನೆಗೆ ಆಕ್ಸಿಸ್, ಅಂದರೆ × ಆದಮೇಲೆ ಇರುವ, ಸಿಲಿಂಡರಿನ ದಿಕ್ಕು ಹೇಳುವ ಡಿಗ್ರಿ. ಅದು 90ಕ್ಕಿಂತ ಜಾಸ್ತಿ ಇದ್ದರೆ 90 ಕಳೆಯಿರಿ, ಇಲ್ಲದಿದ್ದರೆ 90 ಕೂಡಿಸಿ. 180 ಹೀಗೆ 90 ಆಯ್ತು.

ಎಡಗಣ್ಣಿನದು ನೀವು ಬರೆದಿಲ್ಲ, ಅದನ್ನೂ ಹೀಗೇ ನೋಡಿ. 0.25 ವ್ಯತ್ಯಾಸ ಬಂದರೆ ಗಾಬರಿ ಬೇಡ, ಎರಡು ಸಲ ಪರೀಕ್ಷೆ ಮಾಡಿದಾಗ ಅಷ್ಟು ಹೆಚ್ಚುಕಮ್ಮಿ ಆಗುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮತ್ತೆ ಕಣ್ಣು ತೋರಿಸಿ. ಕನ್ನಡಕಕ್ಕೆ ಕೊಡುವಾಗ ಮಾತ್ರ ಎರಡು ಚೀಟಿಯ ಅಂಕಿ ಬೆರೆಸಲೇಬೇಡಿ. ಒಂದನ್ನೇ ಪೂರ್ತಿ ಕೊಡಿ.